ಓಷಿನೆನ್‌ಜೇ: ಈ ಕೆರೆಗೆ ಕೋಡಿ ಎಲ್ಲಿದೆ?

ಕೆರೆಯಂಗಳ
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಸ್ವಿಟ್ಜರ್ಲೆಂಡಿನ ಬರ್ನ್‌ನಿಂದ ರೈಲು ಹಿಡಿದು ಕಾಂಡರ್‌ಷ್ಟೇಗ್ ಅನ್ನೋ ಊರಿಗೆ ಹೋಗಿದ್ದೆ. ಅಲ್ಲಿಂದ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ಅರ್ಧ ಗಂಟೆ ನಡೆದು ಓಷಿನೆನ್‌ಜೇ ಅನ್ನೋ ಸರೋವರ ನೋಡ್ಕೊಂಡು ಬಂದೆ. ಸಮುದ್ರಮಟ್ಟದಿಂದ 1,578 ಮೀಟರ್. ವಿಡಿಯೊ ಮಾಡಿ ಮನೆಯವರ ಗುಂಪಿಗೆ ಹಾಕಿದೆ. ಎಲ್ಲರೂ ಹೃದಯ, ಹೂವು ಒತ್ತಿ ಸುಮ್ಮನಾದ್ರು, ನಮ್ಮ ಚಿಕ್ಕಪ್ಪ ಒಬ್ಬರು ಬಿಟ್ಟು. ಅವರು ಶಿರಾ ಕಡೆ ನಮ್ಮೂರ ಕೆರೆಗೆ ಬಹಳ ವರ್ಷ ನೀರಗಂಟಿ ಆಗಿದ್ದವರು. ರಾತ್ರಿ ವಾಯ್ಸ್ ಮೆಸೇಜ್ ಬಂತು: "ಕೆರೆ ಚೆನ್ನಾಗೈತೆ ಕಣಪ್ಪ. ಒಳಕ್ ಬರೋ ಹಳ್ಳ ನಾಲ್ಕೈದು ಕಾಣ್ತವೆ. ಕೋಡಿ ಎಲ್ಲೈತೆ? ತೂಬು ಎಲ್ಲೈತೆ? ನೀರು ಹೋಗೋ ದಾರೀನೇ ಇಲ್ವಲ್ಲೋ."

ಫೋಟೊ ಎಲ್ಲಾ ಮತ್ತೆ ತೆಗೆದು ನೋಡಿದೆ. ಅವರು ಹೇಳಿದ್ದು ನಿಜ. ಪೂರ್ವಕ್ಕೂ ದಕ್ಷಿಣಕ್ಕೂ ಗೋಡೆ ಥರ ಬಂಡೆ, ಮೇಲೆ ಹಿಮ, ಅಲ್ಲಿಂದ ದಾರ ಇಳಿಬಿಟ್ಟ ಹಾಗೆ ಝರಿಗಳು. ಪಶ್ಚಿಮಕ್ಕೆ ಮಾತ್ರ ಕಾಡು ಬೆಳೆದ ಒಂದು ದಿಬ್ಬ. ಆ ದಿಬ್ಬ ದಾಟಿ ಹೊರಗೆ ಹರಿಯೋ ಒಂದು ತೊರೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗೊತ್ತಿರೋರು ಹೇಳ್ತೀರಾ? ಚಿಕ್ಕಪ್ಪನಿಗೆ ಉತ್ತರ ಕೊಡ್ದೆ ಬಿಡೋ ಹಾಗಿಲ್ಲ.

ಸುಮ್ನೆ ಓದೋನು
ಆವಿಯಾಗಿ ಹೋಗುತ್ತೆ. ಮುಂದಿನ ಪ್ರಶ್ನೆ?

ಟಿಎಂಸಿ ಲೆಕ್ಕ
ಆವಿಯಾಗೋಕೆ ಅದೇನು ರಾಯಚೂರಾ ಸ್ವಾಮಿ? ವರ್ಷದಲ್ಲಿ ಸುಮಾರು ಐದು ತಿಂಗಳು ಮೇಲೆಲ್ಲ ಹೆಪ್ಪುಗಟ್ಟಿರುತ್ತೆ. ಇನ್ನೊಂದು ಮಾತು: ಬರೀ ಆವಿಯಲ್ಲೇ ನೀರು ಕಳೆದುಕೊಳ್ಳೋ ಸರೋವರ ಕಾಲ ಕಳೆದಂತೆ ಉಪ್ಪಾಗಬೇಕು, ರಾಜಸ್ಥಾನದ ಸಾಂಭರ್ ಥರ. ಇದು ಸಿಹಿನೀರು, ಮೀನು ಬೇರೆ ಇದೆ. ಅಂದ್ರೆ ನೀರು ಎಲ್ಲೋ ಹೊರಗೆ ಹೋಗ್ತಾನೇ ಇದೆ.

ನಾನು ನೀರಾವರಿ ಕೆಲಸದಲ್ಲಿದ್ದವನು, ಅಳತೆ ಇಲ್ದೆ ನಿದ್ದೆ ಬರಲ್ಲ. ನೀರಿನ ಹರಹು 1.1 ಚದರ ಕಿಲೋಮೀಟರ್, ಅಂದ್ರೆ 270 ಎಕರೆ ಚಿಲ್ಲರೆ. ಬೆಂಗಳೂರಿನ ಹಲಸೂರು ಕೆರೆಯ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದ್ರೆ ಆಳ ನೋಡಿ: ಅತಿ ಹೆಚ್ಚು 56 ಮೀಟರ್, ನಮ್ಮ ಲೆಕ್ಕದಲ್ಲಿ 184 ಅಡಿ. ಕೆಆರ್‌ಎಸ್ ತುಂಬಿದಾಗ ಪೇಪರಿನಲ್ಲಿ ಓದೋ 124.80 ಅಡಿ ನೆನಪಿಸ್ಕೊಳ್ಳಿ. ಒಟ್ಟು ನೀರು ಸುಮಾರು 4 ಕೋಟಿ ಘನ ಮೀಟರ್, ಅಂದ್ರೆ 1.4 ಟಿಎಂಸಿ. ಹಲಸೂರು ಕೆರೆಯ ಎರಡರಷ್ಟು ಜಾಗದಲ್ಲಿ 1.4 ಟಿಎಂಸಿ! ನಮ್ಮ ಬಯಲುಸೀಮೆ ಕೆರೆ ತಟ್ಟೆ ಆದ್ರೆ ಇದು ಕೊಳಗ.

ಪದಪ್ರೇಮಿ
ಚರ್ಚೆಗೆ ಅಡ್ಡ ಬರ್ತಿದ್ದೀನಿ, ಬೇಜಾರಾಗ್ಬೇಡಿ. ಕೆರೆ ಅನ್ನೋದು ಮನುಷ್ಯರು ಏರಿ ಹಾಕಿ ಕಟ್ಟಿದ್ದಕ್ಕೆ ಹೇಳೋ ಮಾತು. ಅದಕ್ಕೇ "ಕೆರೆ ಕಟ್ಟಿಸು" ಅಂತಾರೆ. ಬೆಟ್ಟದ ಮೇಲೆ ತಾನಾಗಿ ಆಗಿದ್ದನ್ನ ಸರೋವರ ಅಂತಲೋ ಕೊಳ ಅಂತಲೋ ಕರೀಬೇಕು. ಶೀರ್ಷಿಕೆ ತಿದ್ದಿದ್ರೆ ಚೆಂದ.

ಕಲ್ಲುಮಣ್ಣು ಮೇಷ್ಟ್ರು
ಪದಪ್ರೇಮಿಯವರೇ, ಶೀರ್ಷಿಕೆ ಹಾಗೇ ಇರಲಿ ಬಿಡಿ. ಇದಕ್ಕೆ ಏರಿ ಇದೆ. ಹಾಕಿದ್ದು ಮನುಷ್ಯರಲ್ಲ ಅನ್ನೋದಷ್ಟೇ ವ್ಯತ್ಯಾಸ.

ಕೆರೆಯಂಗಳ ಅವರು ಕಂಡ ಪಶ್ಚಿಮದ ದಿಬ್ಬವೇ ಆ ಏರಿ. ಆಲ್ಪ್ಸ್‌ನ ಎತ್ತರದ ಸಣ್ಣ ಸರೋವರಗಳಲ್ಲಿ ಹೆಚ್ಚಿನವನ್ನು ಹಿಮನದಿ ಮಾಡಿದೆ. ಒಂದೋ ಅದು ಗಟ್ಟಿ ಬಂಡೆಯನ್ನೇ ಬಟ್ಟಲಿನಂತೆ ಕೊರೆದಿರುತ್ತದೆ, ಇಲ್ಲವೇ ತಾನು ತಳ್ಳಿಕೊಂಡು ಬಂದ ಕಲ್ಲುಮಣ್ಣಿನ ರಾಶಿಯನ್ನು ಬಾಯಿಗೆ ಅಡ್ಡ ಬಿಟ್ಟು ಹಿಂದೆ ಸರಿದಿರುತ್ತದೆ. ಓಷಿನೆನ್ ಕಣಿವೆಯನ್ನೂ ಮೊದಲು ಕೊರೆದದ್ದು ಹಿಮನದಿಯೇ. ಆದರೆ ನೀರು ನಿಂತದ್ದು ಬೇರೆ ಕಾರಣಕ್ಕೆ: ದಕ್ಷಿಣಕ್ಕಿರುವ ಡೋಲ್ಡೆನ್‌ಹಾರ್ನ್ ಬೆಟ್ಟದ ಕಡೆಯಿಂದ ದೊಡ್ಡದೊಂದು ಭಾಗ ಕಳಚಿ ಬಿದ್ದು ಕಣಿವೆಗೆ ಅಡ್ಡಗಟ್ಟೆಯಾಯಿತು. ಮೇಲಿನ ನೀರು ಅದರ ಹಿಂದೆ ತುಂಬಿಕೊಂಡಿತು.

ಇದು ಯಾವಾಗ ನಡೆಯಿತು ಎಂಬುದನ್ನು ಬಂಡೆಗಳಿಂದಲೇ ಕೇಳಿ ತಿಳಿದಿದ್ದಾರೆ. ಬೆಟ್ಟದ ಹೊಟ್ಟೆಯೊಳಗಿದ್ದ ಸುಣ್ಣಕಲ್ಲು ಒಡೆದು ಬಿಸಿಲಿಗೆ ಬಿದ್ದ ದಿನದಿಂದ ಬಾಹ್ಯಾಕಾಶದ ಕಿರಣಗಳು ಅದಕ್ಕೆ ತಾಗತೊಡಗುತ್ತವೆ. ಕಲ್ಲಿನಲ್ಲಿ ಕ್ಲೋರಿನ್-36 ಎಂಬ ಸಮಸ್ಥಾನಿ ಚೂರುಚೂರೇ ಸೇರುತ್ತ ಹೋಗುತ್ತದೆ. ಅದನ್ನು ಅಳೆದರೆ ಬಂಡೆ ಎಷ್ಟು ಕಾಲದಿಂದ ಹೊರಗಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಬಂದ ಉತ್ತರ ಸುಮಾರು 2,300 ವರ್ಷ, ಇನ್ನೂರು ವರ್ಷ ಆಚೆ ಈಚೆ. ಹೆಚ್ಚುಕಡಿಮೆ ನಮ್ಮ ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತುತ್ತಿದ್ದ ಕಾಲ. ಬೆಟ್ಟಗಳ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಕೆರೆ ಇದು.

ಇನ್ನು ಕೋಡಿ. ಬಿದ್ದ ಬೆಟ್ಟವೆಂದರೆ ಮನೆಯಷ್ಟು ದೊಡ್ಡ ಬಂಡೆ, ಜಲ್ಲಿ, ಪುಡಿ ಎಲ್ಲ ಕಲಸಿದ ರಾಶಿ. ನಮ್ಮ ಏರಿಯ ಹಾಗೆ ಜೇಡಿಮಣ್ಣು ಹಾಕಿ, ಎತ್ತು ತುಳಿಸಿ ಗಟ್ಟಿ ಮಾಡಿದ್ದಲ್ಲ. ಸಂದಿಗೊಂದಿಗಳಲ್ಲಿ ನೀರು ಬಸಿಯುತ್ತದೆ. ಸರೋವರ ಹೊರಗೆ ಹೋಗುವುದು ನೆಲದೊಳಗಿಂದ. ದಿಬ್ಬದ ಆಚೆ, ಕೆಳಗೆ, ಬುಗ್ಗೆಗಳಾಗಿ ಮತ್ತೆ ಮೇಲೆ ಬರುತ್ತದೆ. ಅದೇ ಓಷಿಬಾಖ್ ಎಂಬ ಹಳ್ಳ. ಚಿಕ್ಕಪ್ಪನವರಿಗೆ ಹೇಳಿ: ಕೋಡಿ ಇಲ್ಲ, ಇಡೀ ಏರಿಯೇ ತೂಬು.

ಕೆರೆಯಂಗಳ
ಮೇಷ್ಟ್ರೇ, ಮೈ ಜುಂ ಅಂತು. ನಾನು ಕೂತು ಚಪಾತಿ ರೋಲ್ ತಿಂದಿದ್ದು ಆ ದಿಬ್ಬದ ಬಂಡೆ ಮೇಲೇನೇ!

ಧಾರವಾಡದಾಕಿ
ನಾ ಥೂನ್ ಊರಾಗ ಇರ್ತೀನ್ರಿ, ಹನ್ನೊಂದು ವರ್ಷ ಆತು. ನೀವೆಲ್ಲ ಬ್ಯಾಸಗ್ಯಾಗಿನ ಹಸಿರು ನೀಲಿ ನೀರು ನೋಡಿ ಹುಚ್ಚ ಆಗ್ತೀರಿ. ಇದನ್ನ ಚಳಿಗಾಲದಾಗ ನೋಡಬೇಕು. ಡಿಸೆಂಬರದಾಗ ಹಿಮ ಬೀಳೂಕಿಂತ ಮೊದಲ ನೀರು ಹೆಪ್ಪುಗಟ್ಟಿತಂದ್ರ ಕರೀ ಕನ್ನಡಿಗತೆ ಕಾಣ್ತದ. ಕೆಳಗಿನ ಕಲ್ಲು ಸೈತ ಕಾಣ್ತಾವ. ಅದರ ಮ್ಯಾಲೆ ನಿಂತಾಗ ಒಳಗಿಂದ ಒಂದು ಸಪ್ಪಳ ಬರ್ತದ ನೋಡ್ರಿ, ತಂತಿ ಮೀಟಿಧಂಗ, "ಟ್ಯೂಂವ್" ಅಂತ. ಮೊದಲನೇ ಸಲ ಕೇಳಿ ನಾ "ಯವ್ವಾ" ಅಂತ ಓಡಿ ದಂಡಿಗೆ ಬಂದಿದ್ದೆ. ನಮ್ಮ ಮನೆಯವರು ಇನ್ನೂ ಅದನ್ನ ಹೇಳಿ ಆಡಿಕೊಳ್ತಾರ. ಅಲ್ಲೇ ತೂತು ಕೊರದು ಗಾಳ ಹಾಕಿ ಕುಂತೋರು ಒಬ್ಬರೂ ತಲಿ ಎತ್ತಿ ನೋಡಲಿಲ್ಲ. ಹೋಗೂದಿದ್ರ ಅಲ್ಲಿಯವರು ಮಂಜು ಗಟ್ಟಿ ಅದ ಅಂತ ಬಿಟ್ಟ ದಾರಿಯೊಳಗಷ್ಟ ನಡೀರಿ.

ನನಗ ತಿಳೀದ ಮಾತೊಂದದ. ಮಾರ್ಚ್ ತಿಂಗಳಿನ್ಯಾಗ ಹೋದಾಗ ದಂಡಿ ಗುಂಟ ಮಂಜಿನ ಹಾಸುಗಲ್ಲು ಎಲ್ಲಾ ಒಡದು ವಾರಿ ಆಗಿ ಬಿದ್ದಿದ್ವು. ನಡುವಿನ ಮಂಜು ಕೆಳಗ ಕುಸದಿತ್ತು. ಯಾಕ ಅಂತ ಈಗ ಮೇಷ್ಟ್ರು ಹೇಳಿದ್ದು ಓದಿ ಸ್ವಲ್ಪ ತಿಳದಂಗಾತು.

ಟಿಎಂಸಿ ಲೆಕ್ಕ
ಅಕ್ಕಾ, ನೀವು ನೋಡಿದ್ದೇ ಇದರ ಗುಟ್ಟು. ಚಳಿಗಾಲದಲ್ಲಿ ಮೇಲಿಂದ ಬರೋ ನೀರು ಹೆಚ್ಚುಕಡಿಮೆ ನಿಂತೇಹೋಗುತ್ತೆ, ಎಲ್ಲಾ ಹಿಮವಾಗಿ ಬೆಟ್ಟದ ಮೇಲೆ ಕೂತಿರುತ್ತೆ. ಆದ್ರೆ ಏರಿಯ ಬಸಿನೀರು ನಿಲ್ಲಲ್ಲ. ಮುಚ್ಚಳ ಹಾಗೇ ಇದ್ದು ಕೆಳಗಿನ ನೀರು ಇಳೀತಾ ಹೋದ್ರೆ ಮುಚ್ಚಳ ಕುಸೀದೆ ಏನು ಮಾಡುತ್ತೆ? ಇಲ್ಲಿ ವರ್ಷದೊಳಗೆ ನೀರಿನ ಮಟ್ಟ ಸುಮಾರು 15 ಮೀಟರ್ ಏರಿಳಿಯುತ್ತೆ. ಐವತ್ತು ಅಡಿ! ಅಂದಾಜು ಅರ್ಧ ಟಿಎಂಸಿ ಒಳಗೆ ಬಂದು ಹೊರಗೆ ಹೋಗೋ ವ್ಯವಹಾರ.

ನಮ್ಮ ಕೆರೆಗಳ ಪಂಚಾಂಗವೇ ಬೇರೆ. ನಮಗೆ ಮಳೆ ಬಂದಾಗ ತುಂಬುತ್ತೆ, ಬೇಸಿಗೆಯಲ್ಲಿ ಬತ್ತುತ್ತೆ. ಇದು ಬೇಸಿಗೆಯಲ್ಲಿ ತುಂಬಿ, ಚಳಿಗಾಲ ಮುಗಿಯೋ ಹೊತ್ತಿಗೆ ತಳ ಹಿಡಿಯುತ್ತೆ. ಜಲಾನಯನ 22 ಚದರ ಕಿಲೋಮೀಟರ್, ಸರೋವರದ ಇಪ್ಪತ್ತರಷ್ಟು. ಅದರ ಮೇಲ್ತುದಿಯಲ್ಲಿ ಬ್ಲೂಮ್ಲಿಸಾಲ್ಪ್, ಡೋಲ್ಡೆನ್‌ಹಾರ್ನ್ ಅಂತ 3,600 ಮೀಟರ್ ದಾಟಿದ ಶಿಖರಗಳು. ಅಲ್ಲಿ ಕೂತಿರೋ ಹಿಮವೇ ಇದರ ಮುಂಗಾರು.

ಚಾರಣಪ್ರಿಯೆ
ಹೋಗೋ ಆಸೆ ಇರೋರಿಗೆ ಒಂದು ಸಲಹೆ. ಕೇಬಲ್ ಕಾರಿನಿಂದ ಇಳಿದು ನೇರ ದಡಕ್ಕೆ ಹೋಗಿ ಸೆಲ್ಫಿ ತಗೊಂಡು ವಾಪಸ್ ಬರ್ಬೇಡಿ. ಉತ್ತರದ ಕಡೆಯಿಂದ ಹಾಯ್ಬೆರ್ಗ್ ಅನ್ನೋ ದಾರಿ ಇದೆ, ಏರು ಸ್ವಲ್ಪ ಜಾಸ್ತಿ. ಅಲ್ಲಿಂದ ಕೆಳಗೆ ನೋಡಿದ್ರೇನೇ ಈ ಸರೋವರದ ಆಕಾರ ಅರ್ಥ ಆಗೋದು. ದಡದಲ್ಲಿ ನಿಂತಾಗ ಬಂಡೆ ಗೋಡೆಗಳೇ ಕಣ್ಣು ತುಂಬುತ್ತೆ. ಮೇಲಿಂದ ಪಶ್ಚಿಮದ ಆ ರಾಶಿ, ಮೇಷ್ಟ್ರು ಹೇಳಿದ ಏರಿ, ಸೊಟ್ಟಂಬಟ್ಟ ಹರಡಿರೋದು ಕಾಣುತ್ತೆ. ಪೂರ್ವದ ತುದಿಯಲ್ಲಿ ಝರಿಗಳು ತಂದು ಸುರಿದ ಜಲ್ಲಿ ಬೀಸಣಿಗೆ ಥರ ನೀರೊಳಗೆ ಇಳಿದಿರೋದೂ ಕಾಣುತ್ತೆ. ದಾರಿ ಮುಂದೆ ಓಬರ್‌ಬೆರ್ಗ್ಲಿ ಅನ್ನೋ ದನ ಮೇಯಿಸೋ ಜಾಗಕ್ಕೆ ಇಳಿಯುತ್ತೆ. ಅಲ್ಲಿಂದ ಬ್ಲೂಮ್ಲಿಸಾಲ್ಪ್ ಗುಡಿಸಲಿಗೆ ಹತ್ತೋರೂ ಇದ್ದಾರೆ, ಅದು 2,800 ಮೀಟರ್ ಮೇಲಿದೆ. ನನ್ನ ಮಂಡಿ ಒಪ್ಪಲಿಲ್ಲ.

ದಕ್ಷಿಣದ ಕಡೆಯ ದಾರಿಗಳು ಕೆಲವು ಮುಚ್ಚಿವೆ. ಹಗ್ಗ ಕಟ್ಟಿ ಬೋರ್ಡ್ ಹಾಕಿದ್ದಾರೆ. ಬೋರ್ಡ್ ದಾಟಿ ಹೋಗಿ ರೀಲ್ಸ್ ಮಾಡ್ತಿದ್ದ ನಮ್ಮವರನ್ನ ಕಂಡು ನಾಚಿಕೆ ಆಯ್ತು.

ಸುಮ್ನೆ ಓದೋನು
ಯಾಕೆ ಮುಚ್ಚಿದ್ದಾರೆ? ಬಿದ್ದ ಬೆಟ್ಟ 2,300 ವರ್ಷದ ಹಿಂದೆ ಬಿದ್ದಾಯ್ತಲ್ಲ?

ಕಲ್ಲುಮಣ್ಣು ಮೇಷ್ಟ್ರು
ಒಂದು ಸಲ ಬಿದ್ದ ಬೆಟ್ಟ ಮತ್ತೆ ಬೀಳುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ? ಡೋಲ್ಡೆನ್‌ಹಾರ್ನ್‌ನ ಕೆಳ ಏಣಿನಲ್ಲಿ, ಸರೋವರದ ನೈಋತ್ಯಕ್ಕೆ, ಷ್ಪಿಟ್ಸೆ ಷ್ಟಾಯ್ ಎಂಬ ಕೋಡುಗಲ್ಲು ಇದೆ. ಹೆಸರಿನ ಅರ್ಥವೇ ಚೂಪುಗಲ್ಲು. ಅದು ಜರುಗುತ್ತಿದೆ. 2018ರಿಂದ ಹಗಲು ರಾತ್ರಿ ಅದರ ಮೇಲೆ ಕಣ್ಣಿಟ್ಟಿದ್ದಾರೆ: ರೇಡಾರ್, ಜಿಪಿಎಸ್, ಕ್ಯಾಮೆರಾ. ಕಳಚಬಹುದಾದ ಕಲ್ಲು 1.5 ಕೋಟಿ ಘನ ಮೀಟರ್‌ಗೂ ಹೆಚ್ಚು. ಅಷ್ಟು ಎತ್ತರದಲ್ಲಿ ಬಂಡೆಯ ಬಿರುಕುಗಳೊಳಗಿನ ನೀರು ವರ್ಷವಿಡೀ ಮಂಜುಗಡ್ಡೆಯಾಗಿ ಗಾರೆಯ ಕೆಲಸ ಮಾಡುತ್ತಿತ್ತು. ಈಗ ಆ ಗಾರೆ ಕರಗುತ್ತಿದೆ. ಕೆಳಗಿನ ಕಾಂಡರ್‌ಷ್ಟೇಗ್ ಊರಿನಲ್ಲಿ ಓಷಿಬಾಖ್‌ ಗುಂಟ ರಕ್ಷಣೆಯ ಒಡ್ಡು ಕಟ್ಟಿದ್ದಾರೆ, ಅಪಾಯದ ವಲಯದಲ್ಲಿ ಹೊಸ ಮನೆ ಕಟ್ಟುವುದಕ್ಕೆ ತಡೆಯಿದೆ.

ಆ ಊರೇ ಒಂದು ಹಳೆಯ ಕುಸಿತದ ಮೇಲಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಾಂಡರ್ ಕಣಿವೆಯ ದೊಡ್ಡ ಕುಸಿತ ಇದಕ್ಕಿಂತ ಹಿಂದಿನದು, ಸುಮಾರು 3,200 ವರ್ಷದ್ದು, ಗಾತ್ರದಲ್ಲೂ ಬಹಳ ದೊಡ್ಡದು.

ಧಾರವಾಡದಾಕಿ
2025ರ ಮೇ 28ಕ್ಕ ಬ್ಲಾಟೆನ್ ಊರಾಗ ಆಗಿದ್ದು ನೆನಪಾಗಿ ಹೊಟ್ಟಿ ಕಲಸ್ತು. ಅದು ಕಾಂಡರ್‌ಷ್ಟೇಗ್‌ನಿಂದ ಭಾಳ ದೂರ ಅಲ್ಲರಿ, ಲೋಚ್‌ಬೆರ್ಗ್ ಸುರಂಗ ದಾಟಿದ್ರ ಆ ಕಣಿವಿ ಬಾಯಿ. ಮ್ಯಾಲಿನ ಗುಡ್ಡ ಹಿಮನದಿ ಮ್ಯಾಲೆ ಬಿದ್ದು, ಹಿಮನದಿ ಸಮೇತ ಎಲ್ಲಾ ಊರ ಮ್ಯಾಲೆ ಬಂತು. ಮೊದಲ ತಿಳದು ಸುಮಾರು 300 ಮಂದಿನ್ನ ಖಾಲಿ ಮಾಡಿಸಿದ್ರು, ಅದಕ್ಕ ಊರು ಹೋದರೂ ಮಂದಿ ಉಳದ್ರು. ಒಬ್ಬರು ಮಾತ್ರ ತೀರಿಕೊಂಡರು. ಆಮ್ಯಾಲೆ ಲೋನ್ಸಾ ಹೊಳಿಗೆ ಅಡ್ಡ ಆಗಿ ನೀರು ನಿಂತು, ಉಳದ ಮನಿಗೋಳೂ ಮುಳುಗಿದ್ವು. ಟಿವಿ ಮುಂದ ಕುಂತು ನೋಡಿದ್ವಿ. ಒಂದು ಕೆರಿ ಹುಟ್ಟೂದು ಹಿಂಗಿರ್ತದ ಅಂತ ಗೊತ್ತಿರಲಿಲ್ಲ.

ಕಲ್ಲುಮಣ್ಣು ಮೇಷ್ಟ್ರು
ಅದೇ ಸುರಂಗದ ಕತೆ ಒಂದು. ವಿಷಯದಿಂದ ಸ್ವಲ್ಪ ಆಚೆ ಹೋಗುತ್ತಿದ್ದೇನೆ, ನಿವೃತ್ತ ಮೇಷ್ಟರ ಚಟ ಎಂದುಕೊಳ್ಳಿ. 1908ರ ಜುಲೈ 24ರಂದು ಲೋಚ್‌ಬೆರ್ಗ್ ಸುರಂಗ ಕೊರೆಯುತ್ತ ಕಾಂಡರ್‌ಷ್ಟೇಗ್ ಪಕ್ಕದ ಗಾಸ್ಟರ್ನ್ ಕಣಿವೆಯ ಅಡಿಗೆ ಬಂದಿದ್ದರು. ತಲೆಯ ಮೇಲೆ ಸಾಕಷ್ಟು ಗಟ್ಟಿ ಬಂಡೆ ಇದೆ ಎಂಬ ಲೆಕ್ಕ. ಆದರೆ ಹಿಮನದಿ ಕೊರೆದ ಆ ಕಣಿವೆಯಲ್ಲಿ ಹೊಳೆ ತುಂಬಿದ ಮರಳು, ಜಲ್ಲಿ, ನೀರು ಎಣಿಸಿದ್ದಕ್ಕಿಂತ ಬಹಳ ಆಳಕ್ಕಿತ್ತು. ಸಿಡಿಮದ್ದು ಹಾರಿಸಿದಾಗ ಎಲ್ಲ ಸುರಂಗದೊಳಕ್ಕೆ ನುಗ್ಗಿ 25 ಕಾರ್ಮಿಕರು ಹೋದರು. ಕೊನೆಗೆ ಆ ಭಾಗ ಬಿಟ್ಟು ಬಳಸಿಕೊಂಡು ಕೊರೆದರು. 1913ರಲ್ಲಿ ರೈಲು ಓಡಿತು. ಹಿಮನದಿ ಕೊರೆದದ್ದು ಎಷ್ಟು ಆಳ, ಆಮೇಲೆ ತುಂಬಿದ್ದು ಎಷ್ಟು, ಎಂಬುದು ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ನಮ್ಮ ಸರೋವರಕ್ಕೂ ಈ ಮಾತು ಸಲ್ಲುತ್ತದೆ.

ಟಿಎಂಸಿ ಲೆಕ್ಕ
ನನಗೊಂದು ಅನುಮಾನ ಮೇಷ್ಟ್ರೇ. ಕಲ್ಲಿನ ರಾಶಿ ಅಡ್ಡ ಬಿದ್ದು ಆದ ಕೆರೆ ಒಡೆಯೋದೇ ಹೆಚ್ಚಲ್ವಾ? ಗಢವಾಲದ ಗೋಹ್ನಾ ತಾಲ್ ಬಗ್ಗೆ ನಮಗೆ ಪಾಠದಲ್ಲಿ ಹೇಳ್ತಿದ್ರು. 1893ರಲ್ಲಿ ಗುಡ್ಡ ಕುಸಿದು ಬಿರಹಿ ಗಂಗೆಗೆ ಅಡ್ಡಕಟ್ಟೆ ಆಯ್ತು. ನೀರು ಕಟ್ಟೆಯ ತಲೆ ಮುಟ್ಟೋದು ಯಾವಾಗ ಅಂತ ಇಂಜಿನಿಯರುಗಳು ಮೊದಲೇ ಲೆಕ್ಕ ಹಾಕಿ, ಟೆಲಿಗ್ರಾಫ್ ತಂತಿ ಎಳೆದು ಕೆಳಗಿನ ಊರು ಖಾಲಿ ಮಾಡಿಸಿದ್ರು. 1894ರ ಆಗಸ್ಟ್‌ನಲ್ಲಿ ಒಡೀತು, ಶ್ರೀನಗರ ಕೊಚ್ಚಿಹೋಯ್ತು (ಗಢವಾಲದ ಶ್ರೀನಗರ, ಕಾಶ್ಮೀರದ್ದಲ್ಲ). ಆಗ ಉಳಿದಿದ್ದ ಅರ್ಧ ಕೆರೆಯೂ 1970ರ ಅಲಕನಂದಾ ಪ್ರವಾಹದಲ್ಲಿ ಹೋಯ್ತು. ಹಾಗಿದ್ದ ಮೇಲೆ ಓಷಿನೆನ್ ಇಷ್ಟು ಕಾಲ ಹೇಗೆ ಉಳೀತು?

ಕಲ್ಲುಮಣ್ಣು ಮೇಷ್ಟ್ರು
ನೀವೇ ಉತ್ತರದ ಹತ್ತಿರ ಬಂದಿದ್ದೀರಿ. ಗೋಹ್ನಾ ಒಡೆದದ್ದು ನೀರು ಕಟ್ಟೆಯ ತಲೆಯ ಮೇಲೆ ಹರಿದಾಗ. ಸಡಿಲ ಕಲ್ಲುಮಣ್ಣಿನ ಮೇಲೆ ಒಮ್ಮೆ ನೀರು ಹರಿದರೆ ಅದು ಗರಗಸದಂತೆ ಕೊಯ್ಯುತ್ತದೆ. ಓಷಿನೆನ್‌ನಲ್ಲಿ ಬಂದಷ್ಟು ನೀರು ಒಳಗಿಂದಲೇ ಬಸಿದು ಹೋಗುತ್ತದೆ. ಮಟ್ಟ ಏರಿದಷ್ಟೂ ಒತ್ತಡ ಹೆಚ್ಚಿ ಬಸಿಯುವುದೂ ಹೆಚ್ಚಾಗುತ್ತದೆ. ಗೋಹ್ನಾದ ಹಿಂದೆ ಮಳೆಗಾಲದಲ್ಲಿ ಒಂದು ನದಿಯೇ ಬಂದು ತುಂಬುತ್ತಿತ್ತು. ಇಲ್ಲಿ ಹಿಂದಿರುವುದು 22 ಚದರ ಕಿಲೋಮೀಟರ್ ಅಷ್ಟೆ. ಸೋರದೆ ಇದ್ದಿದ್ದರೆ ಈ ಕೆರೆ ಉಳಿಯುತ್ತಿತ್ತೇ ಎಂಬುದು ನನಗೆ ಅನುಮಾನ.

ಪದಪ್ರೇಮಿ
ಸೋರೋ ಏರಿಯಿಂದ ಉಳಿದ ಕೆರೆ! ನಮ್ಮ ಕಡೆ ಏರಿ ಸೋರಿತು ಅಂದ್ರೆ ಊರಿಗೆ ಊರೇ ಮಂಕರಿ ಹೊತ್ತು ಓಡ್ತಿತ್ತು. ಶೀರ್ಷಿಕೆ ಬಗ್ಗೆ ಆಡಿದ ಮಾತು ವಾಪಸ್ ತಗೊಂಡಿದ್ದೀನಿ.

ಕೆರೆಯಂಗಳ
ಇದನ್ನೆಲ್ಲ ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. "ಏರಿಯೇ ತೂಬು" ಅಂದಾಗ ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಅಷ್ಟರಲ್ಲಿ ಎರಡು ಪ್ರಶ್ನೆ ಬಂತು. ಒಂದು: "ಬಸಿದ್ ಹೋದ್ ನೀರು ಯಾರ್ ಗದ್ದೆಗ್ ಹೋಗ್ತದೆ?" ಎರಡನೇದು: "ಹೂಳು ಏನಾಗ್ತದೆ? ತೂಬಿನ್ ಬಾಯಿಗ್ ಹೂಳು ಕೂತ್ರೆ ಆಮೇಲೆ?"

ಟಿಎಂಸಿ ಲೆಕ್ಕ
ಮೊದಲನೇದು ನಾನು ಹೇಳ್ತೀನಿ. ಗದ್ದೆ ಇಲ್ಲ. ಬುಗ್ಗೆ ನೀರಿನಲ್ಲಿ ಒಂದು ಪಾಲು ಕಾಂಡರ್‌ಷ್ಟೇಗ್ ಊರಿನ ಕುಡಿಯೋ ನೀರು, ಇನ್ನೊಂದು ಪಾಲು ಕರೆಂಟು. ಎರಡೂವರೆ ಸಾವಿರ ವರ್ಷದ ಹಿಂದೆ ಇರದೇ ಇದ್ದ ಕೆರೆ, ಈಗ ಊರಿನ ನಲ್ಲಿ. ಉಳಿದ ನೀರು ಓಷಿಬಾಖ್‌ನಿಂದ ಕಾಂಡರ್ ಹೊಳೆಗೆ, ಅಲ್ಲಿಂದ ಥೂನ್ ಸರೋವರಕ್ಕೆ, ಆರೆ ನದಿಗೆ, ರೈನ್‌ಗೆ, ಉತ್ತರ ಸಮುದ್ರಕ್ಕೆ. ಚಿಕ್ಕಪ್ಪನವರಿಗೆ ಇಷ್ಟವಾಗೋ ವಿಷಯ: ಕಾಂಡರ್ ಹೊಳೆ ಮೊದಲು ಥೂನ್ ಸರೋವರಕ್ಕೆ ಬೀಳ್ತಾನೇ ಇರ್ಲಿಲ್ಲ. ಪ್ರವಾಹದ ಕಾಟ ತಾಳಲಾರದೆ ಗುಡ್ಡ ಸೀಳಿ 1714ರಲ್ಲಿ ಹೊಳೇನ ಸರೋವರಕ್ಕೆ ತಿರುಗಿಸಿದ್ರು. ಅಲ್ಲೂ ನೀರಗಂಟಿಗಳಿದ್ರು ಅನ್ನಿ, ಸ್ವಲ್ಪ ದೊಡ್ಡ ಕೈಯವರು.

ಧಾರವಾಡದಾಕಿ
ಹಂಗಂದ್ರ ನಮ್ಮ ಮನಿ ಮುಂದಿನ ಥೂನ್ ಸರೋವರದಾಗ ಆ ನೀರು ಐತಿ ಅಂತಾತು. ಸಂಜಿಗೆ ಹೋಗಿ ಕಾಲು ಅದ್ದಿ ಬರ್ತೀನಿ.

ಕಲ್ಲುಮಣ್ಣು ಮೇಷ್ಟ್ರು
ಹೂಳಿನ ಪ್ರಶ್ನೆ ಕೇಳಿದವರಿಗೆ ನನ್ನ ನಮಸ್ಕಾರ ತಿಳಿಸಿ. ನಾಲ್ಕು ದಶಕ ಪಾಠ ಮಾಡಿದ್ದೇನೆ, ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ.

ಹೂಳು ಖಂಡಿತ ಬರುತ್ತದೆ. ಹಿಮನದಿ ಬಂಡೆಯನ್ನು ಉಜ್ಜಿ ಮಾಡಿದ ಹಿಟ್ಟಿನಂಥ ಪುಡಿ ಝರಿಗಳೊಂದಿಗೆ ಇಳಿಯುತ್ತದೆ. ನೀರಿನಲ್ಲಿ ತೇಲುವ ಆ ಹಿಟ್ಟಿನ ಮೇಲೆ ಬೆಳಕು ಚೆದರುವುದರಿಂದಲೇ ನೀವು ಕಂಡ ಹಸಿರು ನೀಲಿ ಬಣ್ಣ. ಜಲ್ಲಿ, ದಪ್ಪ ಮರಳು ಪೂರ್ವದ ತುದಿಯಲ್ಲೇ ಉಳಿಯುತ್ತವೆ, ಚಾರಣಪ್ರಿಯೆಯವರು ಹೇಳಿದ ಬೀಸಣಿಗೆ ಅದೇ. ಸಣ್ಣ ಪುಡಿ ನಡುವಿನ ಆಳಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಹರಿವು ಜೋರಿದ್ದಾಗ ತುಸು ದಪ್ಪ ಕಣಗಳ ಪದರ; ಚಳಿಗಾಲದಲ್ಲಿ ಮೇಲೆ ಮಂಜು ಮುಚ್ಚಿ ನೀರು ಅಲುಗಾಡದಿದ್ದಾಗ ಅತಿ ನುಣ್ಣನೆಯ ಜೇಡಿಯ ಪದರ. ವರ್ಷಕ್ಕೊಂದು ಜೋಡಿ, ಮರದ ಉಂಗುರದ ಹಾಗೆ. ಬರ್ನ್ ವಿಶ್ವವಿದ್ಯಾಲಯದವರು ಕೊಳವೆ ಇಳಿಸಿ ಆ ಹೂಳನ್ನು ತೆಗೆದು, ಪದರ ಎಣಿಸಿ, ಕ್ರಿ.ಶ. 884ರಿಂದ 2008ರವರೆಗಿನ ಬೇಸಿಗೆ ಮಳೆ ಮತ್ತು ಪ್ರವಾಹಗಳ ಲೆಕ್ಕ ಬರೆದಿದ್ದಾರೆ. ದೊಡ್ಡ ಪ್ರವಾಹ ಬಂದ ವರ್ಷದ ಪದರ ದಪ್ಪಗಿರುತ್ತದೆ. 884 ಎಂದರೆ ನಮ್ಮಲ್ಲಿ ರಾಷ್ಟ್ರಕೂಟರು ಆಳುತ್ತಿದ್ದರು.

ಬಾಯಿಗೆ ಹೂಳು ಕೂತರೆ ಎಂಬುದಕ್ಕೆ: ಹೂಳು ಬರುವುದು ಪೂರ್ವದಿಂದ, ಸೋರುವುದು ಪಶ್ಚಿಮದಲ್ಲಿ. ಮಧ್ಯೆ ಒಂದೂವರೆ ಕಿಲೋಮೀಟರ್ ಉದ್ದದ, ಆಳದ ನೀರು. ಹೆಚ್ಚಿನ ಪುಡಿ ದಾರಿಯಲ್ಲೇ ತಳ ಸೇರುತ್ತದೆ. ಆದರೂ ಕೆಳಗಿನ ಸಂದಿಗಳು ನಿಧಾನವಾಗಿ ಕಟ್ಟಿಕೊಳ್ಳುವುದು ಸಹಜ. ಆಗ ಮಟ್ಟ ಸ್ವಲ್ಪ ಏರಿ ಮೇಲಿನ ಸಂದಿಗಳಿಂದ ನೀರು ಹೋಗುತ್ತದೆ. ಬಹಳ ಮುಂದೆ ಹೂಳೇ ಗೆದ್ದು ಇದೊಂದು ಹುಲ್ಲುಗಾವಲಾಗಬಹುದು. ಎತ್ತರದ ಕಣಿವೆಗಳಲ್ಲಿ ಕಾಣುವ ಎಷ್ಟೋ ಸಮತಟ್ಟು ಹುಲ್ಲುಗಾವಲುಗಳು ಹಿಂದೆ ಸರೋವರಗಳಾಗಿದ್ದವೇ.

ಚಾರಣಪ್ರಿಯೆ
ಹೂಳಿಗಿಂತ ಮೊದಲು ಹಿಮನದಿಯೇ ಹೋಗೋ ಹಾಗಿದೆಯಲ್ಲ ಸಾರ್. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ಒಟ್ಟು ಹಿಮದಲ್ಲಿ ಹತ್ತನೇ ಒಂದು ಭಾಗ ಕಳೆದುಕೊಂಡ್ವು. ಹಿಮ ಮುಗಿದ್ರೆ ಈ ಬಣ್ಣವೂ ಇರಲ್ಲ ಅನ್ಸುತ್ತೆ. 2007ರಲ್ಲಿ ಯುನೆಸ್ಕೊದ ಯುಂಗ್‌ಫ್ರಾವ್-ಆಲೆಚ್ ತಾಣಕ್ಕೆ ಈ ಜಾಗವನ್ನೂ ಸೇರಿಸಿದ್ರಲ್ಲ, ಪಟ್ಟಿಗೆ ಸೇರಿಸಿದ್ರೆ ಹಿಮ ನಿಲ್ಲುತ್ತಾ?

ಕಲ್ಲುಮಣ್ಣು ಮೇಷ್ಟ್ರು
ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತಿರುವಷ್ಟು ಕಾಲ ಅದು ವಸಂತದಲ್ಲಿ ಕರಗಿ ಸರೋವರವನ್ನು ತುಂಬುತ್ತದೆ. ಆದರೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಆಧಾರವಾಗಿರುವುದು ಹಿಮನದಿಯ ನೀರು, ಕೊರತೆ ಮೊದಲು ಕಾಣಿಸುವುದು ಅಲ್ಲಿ.

ಕೆರೆಯಂಗಳ
ಹೂಳಿನ ಉತ್ತರ ಓದಿ ಹೇಳಿದೆ. ಚಿಕ್ಕಪ್ಪ "ಸಾವ್ರ ವರ್ಷದ್ ಲೆಕ್ಕ ಹೂಳಲ್ಲೈತಾ?" ಅಂತ ಎರಡು ಸಲ ಕೇಳಿದ್ರು. ನಮ್ಮೂರ ಕೆರೆ ಹೂಳನ್ನ ಟ್ರ್ಯಾಕ್ಟರ್‌ನಲ್ಲಿ ತೋಟಕ್ಕೆ ಹೊಡೆದದ್ದು ನೆನಪಾಯ್ತಂತೆ.

ಏಪ್ರಿಲ್‌ನಲ್ಲಿ ಮತ್ತೆ ಹೋಗೋಣ ಅಂತಿದ್ದೀನಿ, ನೀರು ತೀರಾ ಇಳಿದಿರೋವಾಗ. ಆಗ ಕೇಬಲ್ ಕಾರ್ ಇರುತ್ತಾ?

ಧಾರವಾಡದಾಕಿ
ವಸಂತದಾಗ ಕೆಲವು ವಾರ ರಿಪೇರಿಗೆ ಅಂತ ಬಂದ್ ಇಡ್ತಾರ. ವೇಳಾಪಟ್ಟಿ ನೋಡಿನ ಹೊರಡ್ರಿ ತಮ್ಮಾ. ನಡದು ಹತ್ತೂದಾದ್ರ ಯಾವ ದಾರಿ ತಗದಾರ ಅಂತ ಕೇಳಿಕೊಂಡು ಹೋಗ್ರಿ, ಬಿಸಿಲು ಏರೂದ್ರಾಗ ಹಿಮ ಜಾರ್ತದ. ಥೂನ್‌ನಾಗ ಇಳದು ನಮ್ಮನ್ಯಾಗ ಊಟ ಮಾಡಿಕೊಂಡು ಹೋಗ್ರಿ, ರೊಟ್ಟಿ ಮಾಡಿರ್ತೀನಿ.

ಕೆರೆಯಂಗಳ
ಖಂಡಿತ ಬರ್ತೀನಿ ಅಕ್ಕಾ. ಚಿಕ್ಕಪ್ಪ ಕೆಲಸ ಬೇರೆ ವಹಿಸಿದ್ದಾರೆ. ಬೇಸಿಗೆಯ ನೀರು ಮುಟ್ಟಿದ ಗೆರೆ ದಡದ ಬಂಡೆ ಮೇಲೆ ಉಳಿದಿರುತ್ತಂತೆ. ಅಲ್ಲಿಂದ ಮಂಜಿನವರೆಗೆ ಎಷ್ಟು ಮಾರು ಇಳಿದಿದೆ ಅಂತ ಕಣ್ಣಳತೆಯಲ್ಲಿ ನೋಡಿ ಅವರಿಗೆ ಫೋನ್ ಮಾಡ್ಬೇಕು, ವಿಡಿಯೊ ಬೇಡವಂತೆ.